ದೊಡ್ಡಪ್ಪನ ಸೂರ್ಯನನ್ನು ನಾನು ನೋಡಿ ಬಂದದ್ದು

ಕೊಡೆ ರಿಪೇರಿಯಲ್ಲಿ ನನ್ನನ್ನು ಮೀರಿಸುವವನು ಮೂರು ಲೋಕ ಜಾಲಾಡಿದರೂ ಸಿಗುವುದಿಲ್ಲ. ಬಿರುಗಾಳಿಗೆ ಸಿಕ್ಕಿ ಬಾವಲಿಯಂತೆ ತಿರುಚಿಕೊಂಡ ಕೊಡೆಯನ್ನು ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ನೆಟ್ಟಗೆ ಮಾಡಿದ್ದೇನೆ. ಅದರ ಯಜಮಾನ ಸತ್ತರೂ ಆ ಕೊಡೆ ಸಾಯಲಿಲ್ಲ. ಇಂಥ ನಾನು ಅಂಗಡಿ ಇಟ್ಟಿರುವುದು ಸೂರ್ಯನ ಗುಡಿಯ ಜಗುಲಿಯಲ್ಲಿ. ಒಳಗೆ ಪೂಜಾರಿ ದೊಡ್ಡಪ್ಪ ಬಿಸಿಲಿಗೆ ಕೈಮುಗಿಯುತ್ತಾರೆ, ಹೊರಗೆ ನಾನು ಮಳೆಗೆ. ಒಂದೇ ಮನೆಯವರು ಎರಡು ಪಕ್ಷ ಹಿಡಿದರೆ ಆಕಾಶ ಯಾರ ಮಾತು ಕೇಳಬೇಕಯ್ಯಾ ಎಂದು ಎದುರಿನ ಟೈಲರ್ ರೇಗಿಸುತ್ತಾನೆ.

ಗುಡಿ ಬಲು ದೊಡ್ಡದು ಎಂದೇ ಎಲ್ಲರಿಗೂ ಹೇಳುತ್ತೇನೆ. ನಿಜ ಹೇಳಬೇಕೆಂದರೆ, ಇಬ್ಬರು ಒಟ್ಟಿಗೆ ಪ್ರದಕ್ಷಿಣೆ ಹಾಕಿದರೆ ಮೊಣಕೈ ತಾಗುತ್ತದೆ. ಕಲ್ಲಿನ ಸೂರ್ಯನ ಎರಡು ಕೈಯಲ್ಲಿ ಕಮಲ, ಕಾಲಿಗೆ ಬೂಟು. ಗರ್ಭಗುಡಿಯಲ್ಲಿ ಬೂಟು ಹಾಕಿಕೊಂಡು ನಿಲ್ಲುವ ಧೈರ್ಯ ಇನ್ನಾವ ದೇವರಿಗಿದೆ? ಕೆಳಗೆ ಗೇಣುದ್ದದ ಏಳು ಕುದುರೆ. ಭಾನುವಾರ ಸಾವಿರ ಜನ ಬರುತ್ತಾರೆ ಎನ್ನುತ್ತೇನೆ. ಬರುವುದು ಮೂವರು, ಅದರಲ್ಲೊಬ್ಬರು ಕೊಡೆ ಒಯ್ಯಲು.

ದೊಡ್ಡಪ್ಪನದೊಂದು ವ್ರತ: ಸೂರ್ಯನನ್ನು ಕಾಣದೆ ಅನ್ನ ಮುಟ್ಟುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಅವರ ಕಣ್ಣು ಪೂರ್ತಿ ಹೋದಾಗ ನೋಡುವ ಕೆಲಸವನ್ನು ದೊಡ್ಡಮ್ಮ ವಹಿಸಿಕೊಂಡರು. ಬೆಳಿಗ್ಗೆ ಗುಡಿಗಂಟಿದ ನಮ್ಮ ಮನೆಯ ತಾರಸಿ ಹತ್ತಿ ನೋಡಿ ಬಂದು ಅವರು ಹೇಳಿದ ಮೇಲೆ ಇವರು ಅರ್ಘ್ಯ ಬಿಟ್ಟು ಊಟಕ್ಕೆ ಕೂರುವರು. ಕಳೆದ ಚಳಿಗಾಲದಲ್ಲಿ ದೊಡ್ಡಮ್ಮ ತೀರಿಕೊಂಡರು. ಕೆಲಸ ನನ್ನ ಪಾಲಿಗೆ ಬಂತು. ಇದು ಅವರಿಲ್ಲದ ಮೊದಲ ಮಳೆಗಾಲ.

ಮೋಡ ಕವಿದು ಮೂರು ದಿನವಾಗಿತ್ತು. ಜಗುಲಿಯಲ್ಲಿ ಮುರಿದ ಕೊಡೆಗಳ ಬೆಟ್ಟ, ಒಳಗೆ ದೊಡ್ಡಪ್ಪನ ಖಾಲಿ ಹೊಟ್ಟೆ. ಮೊದಲೆರಡು ದಿನ ಕಾಣಲಿಲ್ಲ ಎಂದು ಇದ್ದದ್ದನ್ನೇ ಹೇಳಿದ್ದೆ. ದೇವರ ವಿಷಯದಲ್ಲಿ ನನ್ನ ನಾಲಿಗೆಯೂ ಹೆದರಿತು. ಮೂರನೆಯ ಬೆಳಿಗ್ಗೆ ಅವರು ಅರ್ಘ್ಯದ ತಂಬಿಗೆ ಎತ್ತಲು ಹೋಗಿ ಗೋಡೆ ಹಿಡಿದು ಕುಸಿದರು. ಸಕ್ಕರೆ ಕಾಯಿಲೆಯ ಮೈ. ಇವತ್ತೂ ತಿನ್ನದಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ನನ್ನನ್ನೇ ಗದರಿಸಿ ಹೋದರು.

ತಾರಸಿಗೆ ಓಡಿದೆ, ಓಡಿ ಬಂದೆ. ಸೂರ್ಯ ಬಂದಿದ್ದಾನೆ ಎಂದೆ. ಸುಮ್ಮನೆ ಬಂದನೇ? ಆನೆಗಾತ್ರದವನು, ಮೋಡವನ್ನು ಹಳೇ ಪಂಚೆಯಂತೆ ಪರ್ರನೆ ಹರಿದು ಬಂದ, ಬೀದಿಯೆಲ್ಲ ಚಿನ್ನ, ಟೈಲರನ ಬೋಳುತಲೆಯೂ ಚಿನ್ನ ಎಂದೆ.

ದೊಡ್ಡಪ್ಪ ಮಲಗಿದಲ್ಲೇ ನಕ್ಕರು. "ಕುದುರೆ ಎಷ್ಟಿದ್ವೋ? ಏಳೋ, ಎಂಟೋ?"

ತಂಬಿಗೆಗೆ ಮಾತ್ರ ಕೈ ಚಾಚಲಿಲ್ಲ. ಮತ್ತೆ ಮೇಲೆ ಹೋದೆ. ಊರಿಗೆಲ್ಲ ಕೊಡೆ ಸರಿಮಾಡಿ ಕೊಡುವವನು ಕೊಡೆಯಿಲ್ಲದೆ ನೀರಿನ ಟ್ಯಾಂಕಿಗೆ ಒರಗಿ ಕುಳಿತೆ. ಸುತ್ತ ನೂರು ತಾರಸಿ, ಒಂದರಲ್ಲೂ ನರಪಿಳ್ಳೆಯಿಲ್ಲ. ದೊಡ್ಡಮ್ಮ ದಿನವೂ ಇಲ್ಲಿ ಒಬ್ಬರೇ ನಿಲ್ಲುತ್ತಿದ್ದರು. ಅವರ ಜೊತೆ ಒಂದು ದಿನವೂ ಮೆಟ್ಟಿಲು ಹತ್ತಿದವನಲ್ಲ ನಾನು. ಆ ಬೂದುಬಣ್ಣವನ್ನೇ ನೋಡುತ್ತ ಕೂತಿದ್ದ ಹಾಗೆ ಬಾಯಲ್ಲಿದ್ದ ದೊಡ್ಡ ಮಾತುಗಳೆಲ್ಲ ಖಾಲಿಯಾದವು.

ಇಳಿದು ಬಂದು ಹಾಸಿಗೆಯ ಪಕ್ಕ ಕೂತೆ.

"ದೊಡ್ಡಪ್ಪ, ಒಂದು ಚೂರು ಕಂಡ. ಬಿಳಚಿಕೊಂಡಿದ್ದ. ಕೂಡ್ಲೇ ಹೋಗ್ಬಿಟ್ಟ."

"ಎಲ್ಲಿ?"

"ಟ್ಯಾಂಕಿನ ಹಿಂದೆ."

ಅವರು ತಂಬಿಗೆಗಾಗಿ ಕೈ ಚಾಚಿದರು.

"ಮಳೆಗಾಲದಲ್ಲಿ ನಿನ್ನ ದೊಡ್ಡಮ್ಮಂಗೂ ಅಲ್ಲೇ ಕಾಣ್ತಿದ್ದ. ಹನ್ನೊಂದು ವರ್ಷ, ಒಂದು ದಿನಾನೂ ನನ್ನನ್ನ ಉಪವಾಸ ಕೆಡವ್ಲಿಲ್ಲ ಅವ್ಳು."

ಟ್ಯಾಂಕು ಇರುವುದು ತಾರಸಿಯ ಪಶ್ಚಿಮದ ಮೂಲೆಯಲ್ಲಿ. ಬೆಳಗಿನ ಸೂರ್ಯ ಅಲ್ಲಿ ಕಾಣುವುದುಂಟೇ? ಕಣ್ಣಿದ್ದ ಕಾಲದಲ್ಲಿ ಮುಂದೆ ನಿಂತು ಅದನ್ನು ಕಟ್ಟಿಸಿದವರೇ ದೊಡ್ಡಪ್ಪ. ನಾನು ಕೈ ಹಿಡಿದೆ, ಅವರು ಅರ್ಘ್ಯ ಬಿಟ್ಟರು, ನಾಲ್ಕು ತುತ್ತು ಉಂಡರು. ಮಾತ್ರೆ ನುಂಗಿ ಗೋಡೆ ಕಡೆ ತಿರುಗಿ ಮಲಗಿದರು.

ಗುಬ್ಬಿ ಹಾರಿದರೂ ಗರುಡ ಎಂದು ಸಾರುವ ನಾನು ಈ ಸುದ್ದಿಯನ್ನು ಟೈಲರನಿಗೂ ಹೇಳಲಿಲ್ಲ.

ಮರುದಿನವೂ ಮಳೆ. ಊಟ ಬಡಿಸಿಟ್ಟು ಮೆಟ್ಟಿಲು ಹತ್ತಿದೆ. ಕಂಡ ಎಂದು ಕೆಳಗಿನಿಂದಲೇ ಹೇಳಬಹುದಿತ್ತು, ಆದರೆ ದೊಡ್ಡಪ್ಪ ಹೆಜ್ಜೆಯ ಸದ್ದಿಗೆ ಕಿವಿಗೊಟ್ಟು ಕೂತಿರುತ್ತಾರೆ. ಮೇಲೆ ಯಾರೂ ಇರಲಿಲ್ಲ. ಒಬ್ಬ ಮನುಷ್ಯ ಸೂರ್ಯನನ್ನು ಹುಡುಕಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೆನೆಯುತ್ತ ನಿಂತು, ಇಳಿದು ಬಂದೆ.