ದೊಡ್ಡಬಸಮ್ಮನ ಎರಡನೇ ಸಾಕ್ಷಿ

ದೊಡ್ಡಬಸಮ್ಮ ಮಾತಾಡುತ್ತಲೇ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಎದುರಿಗೆ ಕುಳಿತ ಗೌತಮಿ ಘಾಟಿಗೆ ಕೆಮ್ಮುತ್ತ, ಫೋನಿನಲ್ಲಿ ರೆಕಾರ್ಡಿಂಗ್ ನಡೆದಿದೆಯೇ ಎಂದು ಇನ್ನೊಮ್ಮೆ ನೋಡಿಕೊಂಡಳು.

ಗೌತಮಿ ಹಲಕುಂದಿಯವಳು. ಬಳ್ಳಾರಿಯ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರದ ಆನರ್ಸ್ ಕೊನೆಯ ವರ್ಷ. ಪೊಲೀಸರ ಮುಂದೆ ಒಂದು ಹೇಳಿ ನ್ಯಾಯಾಲಯದಲ್ಲಿ ಇನ್ನೊಂದು ಹೇಳುವ ಸಾಕ್ಷಿಗಳು ಯಾಕೆ ಹಾಗೆ ಮಾಡುತ್ತಾರೆ ಎಂಬುದು ಅವಳ ಪ್ರಬಂಧದ ವಿಷಯ. ಕುರುಗೋಡಿನ ಈ ಮುದುಕಿಯ ಹೆಸರು ಆರು ವರ್ಷದ ಹಿಂದಿನ ತೀರ್ಪೊಂದರಲ್ಲಿ ಸಿಕ್ಕಿತ್ತು. ಪಕ್ಕದ ಮನೆಯ ಮೀನಾಕ್ಷಿ ಕಾಲುವೆಯಲ್ಲಿ ಬಿದ್ದು ಸತ್ತಿದ್ದಳು. ಗಂಡ ಮಾರೆಣ್ಣನೇ ನೂಕಿದ ಎಂದು ಪೊಲೀಸರಿಗೆ ಹೇಳಿದ್ದ ದೊಡ್ಡಬಸಮ್ಮ, ಕಟಕಟೆಯಲ್ಲಿ ನಿಂತು "ನಾ ಏನೂ ನೋಡಿಲ್ಲ" ಅಂದುಬಿಟ್ಟಿದ್ದಳು. ಮಾರೆಣ್ಣ ಬಿಡುಗಡೆಯಾಗಿದ್ದ.

"ಯಾರಿಗೂ ಹೇಳಂಗಿಲ್ಲ ಅಂದಿ. ಖರೇನಾ?"

"ಖರೇನ ಅಜ್ಜಿ. ನಿಮ್ಮ ಹೆಸರು, ಊರು ಏನೂ ಬರಿಯಂಗಿಲ್ಲ." ಗೌತಮಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ ಒಪ್ಪಿಗೆ ಪತ್ರವನ್ನು ತೋರಿಸಿದಳು.

"ಕೋರ್ಟಿಗೆ ಹೋಗೂ ಹಿಂದಿನ ದಿನ ಮಾರೆಣ್ಣ ಬಂದಿದ್ದ. ಬೈಲಿಲ್ಲ, ಬಡೀಲಿಲ್ಲ. ನನ್ನ ಮೊಮ್ಮಗಳನ್ನ ತೊಡಿ ಮ್ಯಾಲ ಕೂಡಿಸ್ಕೊಂಡು ಬಾಳೆಹಣ್ಣು ತಿನ್ನಿಸಿದ. ದೊಡ್ಡವ್ವ, ಈಕಿ ಅಂಗನವಾಡಿಗೆ ಕಾಲುವಿ ದಂಡಿ ಹಿಡದ ಹೋಗ್ಬೇಕಲ್ಲ ಅಂದ. ಅಷ್ಟ."

"ಮೀನಾಕ್ಷಿನ ಅವನು ನೂಕಿದ್ದು...?"

"ಈ ಕಣ್ಣಿಲೆ ನೋಡೀನಿ, ಯವ್ವಾ."

ಅಷ್ಟರಲ್ಲಿ ಬಾಗಿಲ ಬೆಳಕಿಗೆ ಯಾರೋ ಅಡ್ಡ ನಿಂತರು. "ದೊಡ್ಡವ್ವ, ಅದೀಯೇನು?"

ದೊಡ್ಡಬಸಮ್ಮನ ಕೈ ಒಂದೇ ಬೀಸಿಗೆ ಪತ್ರವನ್ನು ಮೆಣಸಿನಕಾಯಿ ರಾಶಿಯೊಳಗೆ ನೂಕಿತು. "ಬಾರಪ್ಪ ಮಾರೆಣ್ಣ."

ಹೆಸರು ಕೇಳಿ ಗೌತಮಿ ಫೋನನ್ನು ಮಗುಚಿ ಇಟ್ಟಳು. ಅದು ಇನ್ನೂ ರೆಕಾರ್ಡ್ ಮಾಡುತ್ತಲೇ ಇತ್ತು.

"ಈಕಿ ಯಾರು?"

"ಬಿಪಿ, ಶುಗರ್ ಐತೇನಂತ ಬರ್ಕೊಳ್ಳಾಕ ಬಂದಾಳಪ್ಪ."

ಮಾರೆಣ್ಣ ಎದುರಿಗೇ ಕುಕ್ಕರಗಾಲಲ್ಲಿ ಕುಳಿತ. "ಹಂಗಾರ ನಂದೂ ಬರ್ಕೊ." ಅವನ ಕಣ್ಣು ಗೌತಮಿಯ ಚೀಲದ ಮೇಲಿದ್ದ ವಿಶ್ವವಿದ್ಯಾಲಯದ ಮುದ್ರೆಯ ಮೇಲೆ ನಿಂತಿತು.

"ಟ್ರೇನಿಂಗಿಗೆ ಕಾಲೇಜಿಂದ ಕಳಿಸ್ಯಾರ್ರಿ," ಎಂದಳು ಅವಳು, ಅವನು ಕೇಳುವ ಮೊದಲೇ. ನೋಟ್‌ಬುಕ್ ತೆರೆದಳು. ಪೆನ್ನನ್ನು ಕಾಗದಕ್ಕೆ ಒತ್ತಿ ಹಿಡಿದಳು. "ವಯಸ್ಸು?"

"ಮೂವತ್ತಾರು."

"ನಿದ್ದಿ ಸರಿಯಾಗಿ ಬರ್ತೈತೇನ್ರಿ?"

"ಭೇಷ್ ಬರ್ತೈತಿ." ಅವನು ನಕ್ಕು, ಕೈಯಲ್ಲಿದ್ದ ಚೀಲದಿಂದ ಒಂದು ಲಗ್ನಪತ್ರಿಕೆ ತೆಗೆದು ದೊಡ್ಡಬಸಮ್ಮನ ಮಡಿಲಿಗೆ ಹಾಕಿದ. "ಬರೂ ಐತವಾರ ಮದುವಿ ಐತಿ, ದೊಡ್ಡವ್ವ. ಸಿರುಗುಪ್ಪದ ಹುಡುಗಿ, ಭಾಗ್ಯ ಅಂತ. ನೀ ಬರಾಕಬೇಕು."

ಅವನು ಹೋದ ಮೇಲೆ ಗೌತಮಿ ರೆಕಾರ್ಡಿಂಗ್ ನಿಲ್ಲಿಸಿ, ರಾಶಿಯೊಳಗಿಂದ ಪತ್ರವನ್ನು ಹೊರತೆಗೆದಳು.

ಮರುದಿನ ಬೆಳಿಗ್ಗೆ ಬಳ್ಳಾರಿಯಲ್ಲಿ ಮಾರ್ಗದರ್ಶಕ ವಿಜಯಕುಮಾರ ಸರ್ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದರು. "ಯಾರದರ ಜೀವಕ್ಕ ಅಪಾಯ ಐತಿ ಅಂದ್ರ ಗುಟ್ಟು ಇಡಾಕ ಆಗಂಗಿಲ್ಲ ಅಂತ ಪತ್ರದಾಗ ಐತಲ್ಲ, ಅದನ್ನ ಆಕಿಗೆ ಓದಿ ಹೇಳಿಯೇನು?"

ಗೌತಮಿ ತಲೆ ತಗ್ಗಿಸಿದಳು. ಆ ಸಾಲು ಓದಿದರೆ ಮುದುಕಿ ಬಾಯಿ ಬಿಡುವುದಿಲ್ಲ ಎಂದು ಹಾರಿಸಿ ಓದಿದ್ದಳು.

"ಹಂಗಾದ್ರ ಮೊದಲು ಹೋಗಿ ಆಕಿ ಮುಂದ ತಪ್ಪು ಒಪ್ಕೊ. ಮದುವಿ ಹುಡುಗಿಗೆ ಎಚ್ಚರ ಹೇಳಾಕ ಆಕಿ ಒಲ್ಲೆ ಅಂದ್ರ, ಆಕಿ ಹೆಸರು ಹೇಳದಂಗ ಪೊಲೀಸರ ಹತ್ರ ನಾನ ಹೋಗ್ತೀನಿ."

ಮಧ್ಯಾಹ್ನದ ಹೊತ್ತಿಗೆ ಗೌತಮಿ ಮತ್ತೆ ಕುರುಗೋಡಿನಲ್ಲಿದ್ದಳು. ಅವಳು ಹೇಳಿದ್ದನ್ನು ಕೇಳಿ ದೊಡ್ಡಬಸಮ್ಮನ ಮುಖ ಕೆಂಪಾಯಿತು.

"ನೀನೂ ಅವನಂಗನ? ಚಲೋ ಮಾತಾಡಿ ಕೆಲಸ ಮಾಡ್ಕೊಂಡು ಹೋಗಾಕ ಬಂದಿದ್ದಿ?"

ಬಾಗಿಲು ದಡಾರನೆ ಹಾಕಿಕೊಂಡಿತು. ಗೌತಮಿ ಕಟ್ಟೆಯ ಮೇಲೆ ಕುಳಿತಳು. ಹೊರಟುಹೋಗುವ ಧೈರ್ಯವೂ ಇರಲಿಲ್ಲ, ಬಾಗಿಲು ಬಡಿಯುವ ಮುಖವೂ ಇರಲಿಲ್ಲ. ಅರ್ಧ ಗಂಟೆಯ ಮೇಲೆ ಚಿಲಕ ತೆಗೆದ ಸದ್ದಾಯಿತು. ದೊಡ್ಡಬಸಮ್ಮ ಒಗೆದ ಸೀರೆ ಉಟ್ಟು ನಿಂತಿದ್ದಳು.

"ಆ ಹುಡುಗಿ ಮನಿ ತೋರಿಸ್ತಿಯೇನು? ನಡಿ."

ತೆಕ್ಕಲಕೋಟೆಯಲ್ಲಿ ಬಸ್ಸು ಬದಲಿಸಿ ಸಿರುಗುಪ್ಪಕ್ಕೆ ಬರುವಾಗ ಮೂರೂವರೆ. ಲಗ್ನಪತ್ರಿಕೆಯಲ್ಲಿದ್ದ ವಿಳಾಸ ರೈಸ್‌ಮಿಲ್ಲಿನ ಹಿಂದಿನ ಓಣಿಯದು. ಮದುವೆಗೆಂದು ಗೋಡೆಗೆ ಆಗಲೇ ಸುಣ್ಣ ಬಳಿದಿದ್ದರು. ಮೀನಾಕ್ಷಿಯ ಸಾವಿನ ಬಗ್ಗೆ ದೊಡ್ಡಬಸಮ್ಮ ಹೇಳಿ ಮುಗಿಸುವ ಮೊದಲೇ ಭಾಗ್ಯಳ ತಾಯಿ ಎದ್ದು ನಿಂತಳು. "ಕೋರ್ಟ ಬಿಟ್ಟೈತಿ ಅವರನ್ನ. ತೀರ್ಪಿನ ಕಾಪಿ ತಂದು ತೋರಿಸ್ಯಾರ. ಲಗ್ನ ಮುರಿಯಾಕ ಬಂದೀರೇನು?"

ಭಾಗ್ಯ ಒಳಗಿಂದ ಆ ಕಾಗದಗಳನ್ನು ತಂದು ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಏನೂ ನೋಡಿಲ್ಲ ಅಂತ ಹೇಳಿದಾಕಿ ನೀನ ಅಲ್ಲೇನು, ಅಜ್ಜಿ?"

"ನಾನ."

"ಆಗ ಯಾಕ ಸುಳ್ಳು ಹೇಳಿದಿ?"

"ಅಂಜಿದ್ದೆ. ಈಗೂ ಅಂಜೀನಿ, ತಾಯಿ."

ಭಾಗ್ಯ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ, ಯಾರೂ ತಡೆಯುವ ಮೊದಲೇ, ಫೋನ್ ತೆಗೆದು ಮಾರೆಣ್ಣನಿಗೆ ಹಚ್ಚಿ ಸ್ಪೀಕರಿಗೆ ಹಾಕಿದಳು. "ನಿಮ್ಮ ಮಗ್ಗಲ ಮನಿ ದೊಡ್ಡಬಸಮ್ಮ ಅನ್ನೋರು ಬಂದಾರ. ಮೀನಾಕ್ಷಿ ವಿಷಯ ಮಾತಾಡಾಕತ್ಯಾರ."

ಆ ಕಡೆಯಿಂದ ಮೃದುವಾದ ದನಿಯೊಂದು ಬಂತು. "ಹೌದಾ? ಆಕಿ ಮೊಮ್ಮಗಳು ಸಾಲಿಂದ ಬರೂ ಹೊತ್ತಾತು. ಮನ್ಯಾಗ ಯಾರೂ ಇಲ್ಲ. ನಾ ಹೋಗಿ ಕರ್ಕೊಂಡು ಬರ್ತೀನಂತ ಹೇಳು."

ಫೋನ್ ಕಟ್ಟಾಯಿತು. ದೊಡ್ಡಬಸಮ್ಮ ಬಾಗಿಲ ಕಡೆ ಓಡಿದಳು. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಕುರುಗೋಡು ಒಂದು ಗಂಟೆಯ ದಾರಿ.

"ಸಾಲ್ಯಾಗ ಯಾರ ನಂಬರರ ಐತೇನಜ್ಜಿ?" ಗೌತಮಿ ಅವಳ ಭುಜ ಹಿಡಿದು ನಿಲ್ಲಿಸಿದಳು.

"ಹಂಪಕ್ಕಂದು... ಬಿಸಿಯೂಟ ಮಾಡ್ತಾಳ." ಅವಳು ಅಂಕಿಗಳನ್ನು ಒಂದೊಂದಾಗಿ ಹೇಳಿದಳು. ಗೌತಮಿ ಹಂಪಕ್ಕನಿಗೆ ಹಚ್ಚಿದಳು. ಭಾಗ್ಯ ತನ್ನ ಫೋನಿನಲ್ಲಿ 112 ಒತ್ತಿದಳು.

ಹಂಪಕ್ಕ ಹೆಚ್ಚು ಪ್ರಶ್ನೆ ಕೇಳಲಿಲ್ಲ. ಫೋನ್ ಹಿಡಿದುಕೊಂಡೇ ಓಡಿದಳು. ಮಕ್ಕಳ ಗದ್ದಲ ಕೇಳಿತು, ಆಮೇಲೆ ಚಿಲಕ ಬಿದ್ದ ಸದ್ದು. "ಅಡಗಿ ಮನ್ಯಾಗ ಕೂಡಿಸ್ಕೊಂಡೀನ್ರಿ. ಹುಡುಗಿ ನನ್ನ ಹತ್ರನ ಐತಿ." ಸ್ವಲ್ಪ ಹೊತ್ತಿನ ಮೇಲೆ ದನಿ ಇಳಿಯಿತು. "ಅವ ಬಂದ. ಗೇಟಿನ ಹೊರಗ ಬೈಕ್ ಮ್ಯಾಲ ಕುಂತಾನ."

ಹದಿನೇಳು ನಿಮಿಷ ಯಾರೂ ಫೋನ್ ಇಡಲಿಲ್ಲ. ದೊಡ್ಡಬಸಮ್ಮ ಅದನ್ನು ಕಿವಿಗೆ ಒತ್ತಿಕೊಂಡು ಮೊಮ್ಮಗಳ ಉಸಿರು ಕೇಳುತ್ತಿದ್ದಳು. ಭಾಗ್ಯಳ ತಾಯಿ ತಂದಿಟ್ಟ ನೀರನ್ನು ಯಾರೂ ಮುಟ್ಟಲಿಲ್ಲ. ಕೊನೆಗೆ ಹಂಪಕ್ಕ ಕೂಗಿದಳು: "ಪೊಲೀಸ್ ಜೀಪು ಬಂತ್ರೀ! ಅವನ್ನ ಇಳಿಸಿ ಕರ್ಕೊಂಡು ಹೊಂಟಾರ!"

ಆಗ ಮಾತ್ರ ಮುದುಕಿ ಅತ್ತಳು. ಭಾಗ್ಯ ಅವಳನ್ನು ತಬ್ಬಿ ಹಿಡಿದಳು.

ಮದುವೆ ನಿಂತಿತು. ಮಗುವಿನ ಹೆಸರೆತ್ತಿ ಬೆದರಿಸಿದ್ದಕ್ಕೆ ಮಾರೆಣ್ಣನ ಮೇಲೆ ಕೇಸಾಯಿತು. ಗೌತಮಿ ದೊಡ್ಡಬಸಮ್ಮನ ಸಂದರ್ಶನವನ್ನು ಪ್ರಬಂಧದಿಂದ ತೆಗೆದುಹಾಕಿ, ತಾನು ಮಾಡಿದ ತಪ್ಪನ್ನು ಮಾತ್ರ ಒಂದು ಪುಟದಲ್ಲಿ ಬರೆದಳು. ಅದಕ್ಕೆ ಅಂಕ ಕಡಿಮೆ ಬಂತು. ಅವಳು ಬೇಸರ ಮಾಡಿಕೊಳ್ಳಲಿಲ್ಲ.

ಆದರೆ ಮೀನಾಕ್ಷಿಯ ಕೇಸು ಹಾಗೇ ಇತ್ತು. ಮುಂದಿನ ತಿಂಗಳು ದೊಡ್ಡಬಸಮ್ಮ ತಾನಾಗಿಯೇ ಬಳ್ಳಾರಿಗೆ ಬಂದಳು. ಗೌತಮಿ ಅವಳನ್ನು ವಕೀಲರೊಬ್ಬರ ಬಳಿ ಕರೆದುಕೊಂಡು ಹೋದಳು. ಇಷ್ಟು ವರ್ಷದ ಮೇಲೆ ಮೇಲ್ಮನವಿ ಕಷ್ಟ, ಹೈಕೋರ್ಟು ಒಪ್ಪಬೇಕು ಎಂದರು ಅವರು. ಆಮೇಲೆ ಕನ್ನಡಕ ತೆಗೆದು ಕೆಳಗಿಟ್ಟರು.

"ಇನ್ನೊಂದು ಮಾತೈತಿ ಅಮ್ಮ. ಕೋರ್ಟಿನ್ಯಾಗ ಸುಳ್ಳು ಹೇಳೀನಿ ಅಂತ ಬರಕೊಟ್ರ ನಿಮ್ಮ ಮ್ಯಾಲೂ ಕೇಸ್ ಆಗಬಹುದು. ಜೈಲಾದ್ರೂ ಆಗಬಹುದು."

ದೊಡ್ಡಬಸಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಗೌತಮಿಯ ಕಡೆಗೂ ನೋಡಲಿಲ್ಲ.

"ಬರ್ಕೋರಿ," ಅಂದಳು.