ಇನ್ನೂರು ಕಿಲೋದೊಳಗಿನ ಅನ್ನ

ಗೋದಾಮು ಅನ್ನೋದು ಮನುಷ್ಯನ ಹೆಸರೇ ಎಂದು ಕೆಲಸಕ್ಕೆ ಹೊಸದಾಗಿ ಸೇರಿದವರು ಕೇಳುತ್ತಿದ್ದರು. ಅವನ ಹೊಟ್ಟೆ ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ. ಎತ್ತರದ ಕಟ್ಟಡಗಳ ಗಾಜು ಒರೆಸುವುದು ಅವನ ಕೆಲಸ. ಹತ್ತೊಂಬತ್ತು ವರ್ಷಗಳಿಂದ ಅವನೂ, ಅವನ ಹೆಂಡತಿಯ ತಮ್ಮ ಕಡ್ಡಿಯೂ ಒಂದೇ ತೊಟ್ಟಿಲಲ್ಲಿ ನೇತಾಡಿಕೊಂಡು ಹೊಟ್ಟೆ ಹೊರೆದವರು. ಇಲ್ಲಿ ತೊಟ್ಟಿಲು ಅಂದರೆ ಛಾವಣಿಯಿಂದ ಎರಡು ಉಕ್ಕಿನ ಹಗ್ಗಗಳಲ್ಲಿ ಇಳಿಬಿಟ್ಟ ಕಬ್ಬಿಣದ ಅಟ್ಟ. ಗೋದಾಮು ಸೋಪುನೀರು ಬಳಿದ ಜಾಗಕ್ಕೆ ಕಡ್ಡಿಯ ರಬ್ಬರ್ ಪಟ್ಟಿ ಹೇಳದೆ ಕೇಳದೆ ಬಂದು ನಿಲ್ಲುತ್ತಿತ್ತು. ಇಡೀ ದಿನದಲ್ಲಿ ಇಬ್ಬರೂ ಆಡುತ್ತಿದ್ದದ್ದು ಹತ್ತು ಮಾತು, ಅದರಲ್ಲಿ ಎಂಟು ಊಟದ ಬಗ್ಗೆ.

ಇಂಥ ಸುಖಸಂಸಾರದ ಮೇಲೆ ಯಾರ ಕಣ್ಣು ಬಿತ್ತೋ, ಕಂಪನಿಗೆ ಸುರಕ್ಷತೆ ನೋಡಿಕೊಳ್ಳಲು ಒಬ್ಬ ಮೇಡಂ ಬಂದರು. ಬಂದ ಮೂರನೇ ದಿನವೇ ತೊಟ್ಟಿಲ ಬದಿಯಲ್ಲಿದ್ದ ತಗಡಿನ ಧೂಳು ಒರೆಸಿ, ಹತ್ತೊಂಬತ್ತು ವರ್ಷ ಯಾರೂ ಓದದ ಸಾಲನ್ನು ಗಟ್ಟಿಯಾಗಿ ಓದಿದರು. ಇಬ್ಬರು ಕೆಲಸಗಾರರು, ಸಾಮಾನು ಸೇರಿ ಒಟ್ಟು ಇನ್ನೂರು ಕಿಲೋ ಮೀರಬಾರದು. ಓದಿ ಸುಮ್ಮನಿರುವ ಜಾತಿಯಲ್ಲ ಅವರು. ನೆಲಮಾಳಿಗೆಯಲ್ಲಿ ಸರಕು ತೂಗುವ ಯಂತ್ರದ ಮೇಲೆ ಇಬ್ಬರನ್ನೂ, ಬಕೆಟ್ಟು, ನೀರು, ಪಟ್ಟಿ, ಬೆಲ್ಟುಗಳ ಸಮೇತ ಹತ್ತಿಸಿಯೇ ಬಿಟ್ಟರು. ಗೋದಾಮು ನೂರಾನಾಲ್ಕು, ಕಡ್ಡಿ ಅರವತ್ತು, ಸಾಮಾನು ನಲವತ್ತೆರಡು. ಒಟ್ಟು ಇನ್ನೂರಾರು.

"ಎರಡು ತಿಂಗಳು ಟೈಮ್ ಕೊಡ್ತೀನಿ. ಇಳಿಸ್ಕೊಳ್ಳಿ. ಇಲ್ಲಾಂದ್ರೆ ನೀವು ಕೆಳಗೆ ಕಾರು ನಿಲ್ಸೋ ಜಾಗ ಗುಡಿಸ್ಬೇಕಾಗುತ್ತೆ, ಇವರ ಜೊತೆ ಬೇರೆಯವರು ಹತ್ತುತ್ತಾರೆ," ಎಂದರು ಮೇಡಂ, ಗೋದಾಮಿನ ಕಡೆ ತಿರುಗಿ. ಸಂಬಳ ಅಷ್ಟೇ ಇರುತ್ತದೆ ಎಂದು ಸಮಾಧಾನವನ್ನೂ ಹೇಳಿದರು.

ಗೋದಾಮಿಗೆ ಸಂಬಳದ ಚಿಂತೆ ಇರಲಿಲ್ಲ. ಹದಿನಾಲ್ಕನೇ ಮಹಡಿಯ ಗಾಳಿ ಉಂಡವನನ್ನು ನೆಲದಡಿಯ ಹೊಗೆಗೆ ತಳ್ಳುತ್ತಾರಲ್ಲ ಎಂಬುದು ಚಿಂತೆ. ಅದಕ್ಕಿಂತ, ಕಡ್ಡಿಯ ಪಕ್ಕದಲ್ಲಿ ಬೇರೆ ಯಾವನೋ ನಿಂತು ಸೋಪು ಬಳಿಯುತ್ತಾನೆ ಎಂಬುದು ಅವನಿಗೆ ನುಂಗಲಾರದ ತುತ್ತಾಯಿತು.

ಅವನ ಹೆಂಡತಿ ಟೈಲರ್. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮಿಷನ್ನು. ವಿಷಯ ಕೇಳಿ ಅಳಲಿಲ್ಲ, ಬೈಯಲಿಲ್ಲ. ಮರುದಿನ ಐದು ಕಿಲೋ ಬ್ರೌನ್ ರೈಸು, ಅಡುಗೆಮನೆಗೊಂದು ಪುಟ್ಟ ತಕ್ಕಡಿ, ಮನುಷ್ಯರು ನಿಲ್ಲುವ ಇನ್ನೊಂದು ತಕ್ಕಡಿ ತಂದಳು. ಅಕ್ಕಿ ಚೀಲದ ಬೆನ್ನಿನ ಮೇಲೆ ಬರೆದಿತ್ತು: ನೂರು ಗ್ರಾಮಿಗೆ ಮುನ್ನೂರ ಅರವತ್ತು ಕ್ಯಾಲರಿ. ಒಂದು ಹೊತ್ತಿಗೆ ಅನ್ನದಿಂದ ಅಷ್ಟೇ, ಮೇಲೆ ಬೇಕಾದಷ್ಟು ತರಕಾರಿ ಎಂದು ಗಂಡ ಹೆಂಡತಿ ಒಪ್ಪಂದ ಮಾಡಿಕೊಂಡರು.

ಮೊದಲ ದಿನದ ಅನ್ನದ ಕಥೆ ಹೇಳದಿರುವುದೇ ಲೇಸು. ಬಿಳಿ ಅಕ್ಕಿಗೆ ಇಡುವಷ್ಟೇ ನೀರಿಟ್ಟು, ಅಷ್ಟೇ ಹೊತ್ತು ಬೇಯಿಸಿದ್ದಳು. ಮೇಲೆ ಜಲ್ಲಿ, ತಳದಲ್ಲಿ ಇದ್ದಿಲು. ಗೋದಾಮು ತಟ್ಟೆಯನ್ನು ತಕ್ಕಡಿಯ ಮೇಲಿಟ್ಟು, ಸರಿಯಾಗಿ ನೂರು ಗ್ರಾಂ ಬಡಿಸಿಕೊಂಡು, ಒಂದೊಂದೇ ಅಗುಳನ್ನು ಅಗಿದ. ಊಟ ಮುಗಿಯುವಷ್ಟರಲ್ಲಿ ದವಡೆ ನೋಯುತ್ತಿತ್ತು, ಹೊಟ್ಟೆ ಮಾತ್ರ ಇನ್ನೂ ತಾಳ ಹಾಕುತ್ತಿತ್ತು. ಹೀಗೇ ನಾಲ್ಕು ದಿನ ನಡೆಯಿತು. ಐದನೇ ದಿನ ಹನ್ನೊಂದನೇ ಮಹಡಿಯಲ್ಲಿ ಗಾಜಿನಾಚೆ ಯಾರೋ ಬಿಸ್ಕತ್ತು ತಿನ್ನುವುದನ್ನು ನೋಡುತ್ತಾ ಅವನು ಒಂದೇ ಕಿಟಕಿಯನ್ನು ಆರು ಸಲ ಒರೆಸಿದ.

"ಅಕ್ಕಾ, ಭಾವ ಹೀಗೇ ಇದ್ರೆ ಗಾಜು ನೆಕ್ಕಿಬಿಡ್ತಾರೆ," ಎಂದು ಕಡ್ಡಿ ಮನೆಯಲ್ಲಿ ದೂರು ಕೊಟ್ಟ.

ಹೆಂಡತಿ ಅಕ್ಕಿ ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ರೀ, ಈ ಲೆಕ್ಕ ಹಸಿ ಅಕ್ಕೀದಲ್ವಾ? ನೀವು ತೂಗ್ತಿರೋದು ಬೆಂದ ಅನ್ನ."

"ಅಕ್ಕಿ ಅದೇ ತಾನೇ?"

"ನೀರಿಗೆ ಹಾಕೋ ಮುಂಚೆ ಅಳೆದ ಬಟ್ಟೆ, ನೀರಿಗೆ ಹಾಕಿದ ಮೇಲೆ ಅದೇ ಅಳತೆ ಇರುತ್ತಾ? ಬಟ್ಟೆ ಕುಗ್ಗುತ್ತೆ, ಅಕ್ಕಿ ಹಿಗ್ಗುತ್ತೆ, ಅಷ್ಟೇ. ನೀರಿಗೆಲ್ಲಿಂದ ಬಂತು ಕ್ಯಾಲರಿ?"

ಅಂದೇ ತೂಗಿ ನೋಡಿದರು. ನೂರು ಗ್ರಾಂ ಅಕ್ಕಿ ಬೆಂದರೆ ಇನ್ನೂರೈವತ್ತು ಗ್ರಾಂ ಅನ್ನ. ನಾಲ್ಕು ದಿನ ಅರೆಹೊಟ್ಟೆಯಲ್ಲಿದ್ದ ಗೋದಾಮು ಹೆಂಡತಿಯನ್ನು ನೋಡಿದ ನೋಟದಲ್ಲಿ ಮದುವೆಯಾದ ಹೊಸತರ ಪ್ರೀತಿಯಿತ್ತು.

ಅಡುಗೆಯ ವಿಷಯದಲ್ಲೂ ಅವಳು ಸೋಲೊಪ್ಪುವವಳಲ್ಲ. ಹೊಲಿಗೆ ಸರಿಬರದಿದ್ದರೆ ಬಿಚ್ಚಿ ಮತ್ತೆ ಹೊಲಿಯುವ ಕೈ ಅದು. ಬೆಳಿಗ್ಗೆ ಎದ್ದ ಕೂಡಲೇ ಅಕ್ಕಿ ತೊಳೆದು ನೆನೆಹಾಕಿದಳು. ಅಡುಗೆಯ ಹೊತ್ತಿಗೆ ನೀರು ಬಸಿದು, ದಪ್ಪ ತಳದ ಪಾತ್ರೆಯಲ್ಲಿ ಘಮ್ಮೆನ್ನುವವರೆಗೆ ಹುರಿದಳು. ಒಂದು ಲೋಟ ಅಕ್ಕಿಗೆ ಎರಡು ಲೋಟ ಕುದಿನೀರು, ಚಿಟಿಕೆ ಉಪ್ಪು, ಸಣ್ಣ ಉರಿ. ಮುಚ್ಚಳ ಮುಚ್ಚಿ ಅರ್ಧ ಗಂಟೆ ಅತ್ತ ಸುಳಿಯಬಾರದು ಎಂದು ಮನೆಯವರಿಗೆಲ್ಲ ಕಟ್ಟಪ್ಪಣೆಯಾಯಿತು. ಉರಿ ಆರಿಸಿದ ಮೇಲೂ ಹತ್ತು ನಿಮಿಷ ಮುಚ್ಚಳಕ್ಕೆ ಕೈ ಹಚ್ಚುವಂತಿಲ್ಲ. ಆಮೇಲೆ ತೆಗೆದರೆ, ಒಂದಕ್ಕೊಂದು ಅಂಟದ, ಹಲ್ಲಿಗೆ ಮೆತ್ತಗೆ ಸಿಗುವ, ಹುರಿದ ಕಡಲೆಯಂತೆ ಘಮಘಮಿಸುವ ಅನ್ನ. ಸ್ವಲ್ಪವೇ ಅಕ್ಕಿ ಇಟ್ಟರೆ ತಳ ಹಿಡಿಯುತ್ತದೆಂದು ಅವಳು ಯಾವತ್ತೂ ಪಾತ್ರೆ ತುಂಬ ಮಾಡುತ್ತಿದ್ದಳು.

ತನ್ನ ಇನ್ನೂರೈವತ್ತು ಗ್ರಾಂ ತೂಗಿಕೊಂಡ ಮೇಲೆ ಪಾತ್ರೆಯಲ್ಲಿ ಉಳಿದ ಅನ್ನವನ್ನು ನೋಡಿದರೆ ಗೋದಾಮಿಗೆ ಜೀವ ಚುರ್ ಎನ್ನುತ್ತಿತ್ತು. ಕಣ್ಣೆದುರು ಇದ್ದರೆ ತಾನೇ ಆಸೆ? ಆಸೆಯ ಬೇರನ್ನೇ ಕಿತ್ತುಹಾಕುವ ಉಪಾಯ ಅವನಿಗೆ ಹೊಳೆಯಿತು.

"ಕಡ್ಡಿ, ತಟ್ಟೆ ಇಲ್ಲಿ ತಾ. ನಿನಗೇನೋ ಕಮ್ಮಿ? ತಿನ್ನು."

"ಸಾಕು ಭಾವ."

"ಸಾಕು ಅನ್ನೋನು ಹೊಟ್ಟೆ ಇರೋನು. ನಿನಗೆಲ್ಲಿದೆ ಹೊಟ್ಟೆ?" ಎನ್ನುತ್ತಾ ತನ್ನ ಕೈಯಾರೆ ಪಾತ್ರೆ ಬಳಿದು ಹಾಕುತ್ತಿದ್ದ. ಮೊದಮೊದಲು ಮುಲಾಜಿಗೆ ತಿಂದ ಕಡ್ಡಿ ಆಮೇಲೆ ರುಚಿಗೆ ತಿಂದ. ನಲವತ್ತು ದಾಟಿದ ಒಂಟಿ ಜೀವ, ಅಕ್ಕನ ಮನೆಯ ಊಟ, ಭಾವನ ಉಪಚಾರ. ಬೇಡ ಎನ್ನಲು ಅವನೇನು ಸನ್ಯಾಸಿಯೇ?

ಐದು ವಾರಕ್ಕೆ ಗೋದಾಮು ನಾಲ್ಕು ಕಿಲೋ ಇಳಿದ. ತನ್ನ ಬೆನ್ನು ತಾನೇ ತಟ್ಟಿಕೊಂಡ. ಜಾರುತ್ತಿದ್ದ ಪ್ಯಾಂಟನ್ನು ತಂದು, ಸೊಂಟ ಹಿಡಿಸಿಕೊಡು ಎಂದು ಹೆಂಡತಿಯ ಮಿಷನ್ನಿನ ಮೇಲೆ ಎಸೆದ. ಅದರ ಪಕ್ಕದಲ್ಲಾಗಲೇ ಇನ್ನೊಂದು ಪ್ಯಾಂಟು ಬಿದ್ದಿತ್ತು. ಅವಳು ಎರಡನ್ನೂ ನೋಡಿದಳು. ಗಂಡನದು ಎರಡು ಬೆರಳು ಹಿಡಿಸಬೇಕು. ತಮ್ಮನದು ಎರಡು ಬೆರಳು ಬಿಡಿಸಬೇಕು.

"ರೀ, ಆ ಮೇಡಂ ತೂಗೋದು ನಿಮ್ಮೊಬ್ಬರನ್ನೇನಾ?"

ಅಷ್ಟು ಕೇಳಿದ್ದೇ ತಡ, ಗೋದಾಮು ಹೊರಗೆ ಓಡಿದ. ಕಡ್ಡಿಯನ್ನು ಎಳೆತಂದು ತಕ್ಕಡಿಯ ಮೇಲೆ ನಿಲ್ಲಿಸಿದರೆ ಅರವತ್ತನಾಲ್ಕು. ಇಳಿದ ನಾಲ್ಕು ಕಿಲೋ ಮನೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ, ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬಂದು ಕೂತಿತ್ತು. ಒಟ್ಟು ಅದೇ ಇನ್ನೂರಾರು. ಯಾರನ್ನಾದರೂ ಬೈದು ಹಗುರಾಗೋಣವೆಂದರೆ, ಬಡಿಸಿದ ಕೈ ತನ್ನದೇ.

"ಎಲ್ಲಾ ಸೇರಿ ತೂಗ್ತಾರೆ ಅನ್ನೋದೇ ಮರೆತುಬಿಟ್ಟೆ ಕಣೋ," ಎಂದ ಅವನು, ತಲೆಯ ಮೇಲೆ ಕೈ ಹೊತ್ತು.

"ನಾನೂ ತೊಟ್ಟಿಲಲ್ಲೇ ಇರ್ತೀನಲ್ಲ ಭಾವ, ನನಗೂ ಹೊಳೀಲಿಲ್ಲ," ಎಂದ ಕಡ್ಡಿ.

ಅಂದಿನಿಂದ ಅಕ್ಕಿಯನ್ನು ಹಸಿಯಾಗಿಯೇ ತೂಗಿ, ಸಣ್ಣ ಪಾತ್ರೆಯಲ್ಲಿ ತಳ ಹಿಡಿಯದಂತೆ ಕಾದು, ಮೂವರಿಗೆ ಎಷ್ಟೋ ಅಷ್ಟೇ ಅನ್ನವಾಯಿತು. ಆದರೆ ಗೋದಾಮಿನ ತೂಕದ ಮುಳ್ಳು ನೂರಕ್ಕೆ ಅಂಟಿಕೊಂಡು ಕೂತುಬಿಟ್ಟಿತು. ಅಳೆದು ತಿಂದರೂ ಅಷ್ಟೇ, ನಡೆದು ಬಂದರೂ ಅಷ್ಟೇ. ಕಡ್ಡಿಯಂತೂ ತಕ್ಕಡಿ ಹತ್ತಲು ಸುತರಾಂ ಒಪ್ಪಲಿಲ್ಲ. ಹೆಂಗಸರ ಹಾಗೆ ದಿನಾ ತೂಗಿಸಿಕೊಳ್ಳೋಕೆ ನಾಚಿಕೆಯಾಗುತ್ತೆ ಎಂದು, ಅಕ್ಕನ ಕೈಯಲ್ಲಿ ಉಗಿಸಿಕೊಂಡರೂ ಹತ್ತಲಿಲ್ಲ. ಅವನು ಹೆಚ್ಚೆಂದರೆ ಮೊದಲಿನ ಅರವತ್ತಕ್ಕೆ ಇಳಿದಾನು, ಆಗಲೂ ಇನ್ನೂರೆರಡು ಎಂದು ಗೋದಾಮು ಲೆಕ್ಕ ಹಾಕಿದ. ಮೂರು ವಾರ ಕಳೆದು ತೂಕದ ದಿನ ಬಂದಾಗ, ಹೊರಡುವ ಮುಂಚೆ ಹೆಂಡತಿಗೆ, "ಕೆಳಗೆ ಗುಡಿಸೋಕೆ ಮೂಗಿಗೆ ಕಟ್ಟಿಕೊಳ್ಳೋ ಬಟ್ಟೆ ಒಂದು ಹೊಲಿದುಬಿಡು," ಎಂದ. ನಗಲು ನೋಡಿದ, ಆಗಲಿಲ್ಲ.

ನೆಲಮಾಳಿಗೆಯ ಯಂತ್ರದ ಮೇಲೆ ಇಬ್ಬರೂ ಸಾಮಾನಿನೊಂದಿಗೆ ನಿಂತರು. ಕೆಂಪು ಅಂಕಿಗಳು ಓಲಾಡಿ ಓಲಾಡಿ ಇನ್ನೂರಕ್ಕೆ ನಿಂತವು. ಮೇಡಂ ಬಗ್ಗಿ ನೋಡಿದರು, ಒಬ್ಬೊಬ್ಬರನ್ನೇ ಮತ್ತೆ ಹತ್ತಿಸಿ ಬರೆದುಕೊಂಡರು. ಸಾಮಾನು ನಲವತ್ತೆರಡು. ಗೋದಾಮು ನೂರು. ಕಡ್ಡಿ ಐವತ್ತೆಂಟು.

ಐವತ್ತೆಂಟು. ಗೋದಾಮು ಅಂಕಿಯನ್ನು ನೋಡಿದ, ಆಮೇಲೆ ಮೂರು ವಾರದಲ್ಲಿ ಮೊದಲ ಸಲ ಕಡ್ಡಿಯನ್ನು ಸರಿಯಾಗಿ ನೋಡಿದ. ಕೆನ್ನೆ ಒಳಗೆ ಹೋಗಿತ್ತು. ಬೆಲ್ಟಿಗೆ ಹೊಸದಾಗಿ ಮೊಳೆಯಿಂದ ತೂತು ಹೊಡೆದುಕೊಂಡಿದ್ದ.

"ಗಟ್ಟಿ ಆಸಾಮಿ ನಿಮ್ಮ ಭಾಮೈದ," ಎಂದರು ಮೇಡಂ, ಸಹಿ ಹಾಕುತ್ತಾ. "ಹಗುರ ಇರೋ ಜೋಡಿ ಕೊಡ್ತೀನಿ, ನೀವ್ಯಾಕೆ ಕಷ್ಟಪಡ್ತೀರಿ ಅಂತ ಅವರನ್ನ ಎರಡು ಸಲ ಕೇಳಿದೆ. ಬೇಡ ಅಂದ್ರು. ಇನ್ನು ಇದಕ್ಕಿಂತ ಇಳೀಬೇಡಿ ಅಂತ ಹೇಳಿ ಅವರಿಗೆ."

ತೊಟ್ಟಿಲು ಮೇಲೇರಿತು. ಮಧ್ಯಾಹ್ನದವರೆಗೂ ಗೋದಾಮು ಸೋಪು ಬಳಿಯುತ್ತಾ ಕಡ್ಡಿಯ ಬೆಲ್ಟಿನ ತೂತನ್ನೇ ನೋಡುತ್ತಿದ್ದ. ಹೆಂಡತಿ ಕಟ್ಟಿಕೊಟ್ಟ ಅನ್ನದಲ್ಲಿ ಅರ್ಧವನ್ನು ಈ ಮಹಾರಾಯ ದಿನವೂ ಎಲ್ಲಿ ಚೆಲ್ಲುತ್ತಿದ್ದನೋ, ಯಾರಿಗೆ ಕೊಡುತ್ತಿದ್ದನೋ. ಪಕ್ಕದಲ್ಲೇ ನಿಂತು ಬಡಿದುಕೊಳ್ಳುತ್ತಿದ್ದ ಹಸಿವು ತನಗೆ ಕೇಳಿಸಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ತನಗೂ ಹೀಗೊಬ್ಬ ಇದ್ದಾನೆ ಎಂದು ಹೊಟ್ಟೆ ತುಂಬಿ ಬಂತು.

ಹದಿನಾಲ್ಕನೇ ಮಹಡಿಯಲ್ಲಿ ಡಬ್ಬಿ ಬಿಚ್ಚಿದರು. ಗೋದಾಮು ತನ್ನ ಡಬ್ಬಿಯ ಅನ್ನಕ್ಕೆ ನಡುವೆ ಚಮಚದಿಂದ ಗೆರೆ ಎಳೆದು, ಅರ್ಧವನ್ನು ಕಡ್ಡಿಯ ಡಬ್ಬಿಗೆ ತಳ್ಳಿದ.

"ಬೇಡ ಭಾವ, ತೂಕ," ಎಂದ ಕಡ್ಡಿ ಗಾಬರಿಯಿಂದ.

"ನನ್ನ ಹೊಟ್ಟೇಲಿದ್ರೂ ಇನ್ನೂರೇ, ನಿನ್ನ ಹೊಟ್ಟೇಲಿದ್ರೂ ಇನ್ನೂರೇ. ನಿನ್ನದರಲ್ಲೇ ಇರ್ಲಿ, ತಿನ್ನು."

ಕಡ್ಡಿ ಭಾವನ ಮುಖ ನೋಡಿದ. ಆಮೇಲೆ ಡಬ್ಬಿಯನ್ನು ಮೊಣಕಾಲ ಮೇಲಿಟ್ಟುಕೊಂಡು, ಮೂರು ವಾರದ ಹಸಿವಿನಲ್ಲಿ, ಒಂದು ಅಗುಳೂ ಬಿಡದೆ ತಿಂದ.