ಡಿಕ್ಕಿಯ ಬಾಕ್ಸು, ಜಗದೇವಪ್ಪನ ಕಣ್ಣು

ಎದುರು ಮನೆಗೆ ಹೊಸ ಫ್ಯಾನು ಬಂದ ದಿನ ನಮ್ಮ ಮನೆಯಲ್ಲಿ ಸೆಕೆ ಹೆಚ್ಚಾಗುತ್ತದೆ. ಇದು ಯಾವ ಊರಿನಲ್ಲಿ ಇಲ್ಲ ಹೇಳಿ. ಆಳಂದದ ಜಗದೇವಪ್ಪನಿಗೂ ಹೀಗೇ ಆಯಿತು. ಆದರೆ ಅವನ ಎದುರು ಮನೆಗೆ ಬಂದದ್ದು ಫ್ಯಾನಲ್ಲ, ಒಂದು ಸದ್ದು.

ಜಗದೇವಪ್ಪನಿಗೆ ಒಂದು ಬಿಳಿ ಅಂಬಾಸಡರ್ ಕಾರು ಇತ್ತು. ಎದುರು ಮನೆಯ ಜಹೀರುದ್ದೀನನಿಗೂ ಒಂದು ಅಂಬಾಸಡರ್. ಇಬ್ಬರೂ ಬಸ್ ಸ್ಟ್ಯಾಂಡ್ ಎದುರಿಗೆ ಗಾಡಿ ಹಚ್ಚಿ ಬಾಡಿಗೆ ಹೊಡೆಯುವವರು. ಸಣ್ಣವರಿದ್ದಾಗಿನಿಂದ ಜೋಡಿ. ಒಂದೇ ಕಪ್ ಚಹಾ ತರಿಸಿ, ಅರ್ಧ ಸಾಸರಿಗೆ ಸುರಿದುಕೊಂಡು ಹಂಚಿ ಕುಡಿಯುತ್ತಿದ್ದರು. ಲಗ್ನದ ದಿನಗಳಲ್ಲಿ ಮದುಮಗನ ಗಾಡಿ ಬೇಕೆಂದು ಬಂದವರು ಒಮ್ಮೆ ಇವನನ್ನು ಕರೆದರೆ ಇನ್ನೊಮ್ಮೆ ಅವನನ್ನು ಕರೆಯುತ್ತಿದ್ದರು.

ತೊಂಬತ್ತೇಳರ ಬೇಸಿಗೆಯಲ್ಲಿ ಜಹೀರುದ್ದೀನ ಸೊಲ್ಲಾಪುರದ ತನ್ನ ಭಾವನ ಹತ್ತಿರ ಹೋಗಿ, ಡಿಕ್ಕಿಯೊಳಗೆ ಒಂದು ಫೈಬರ್ ಬಾಕ್ಸು ಮಾಡಿಸಿಕೊಂಡು ಬಂದ. ಡಿಕ್ಕಿಯ ಮೂಲೆ ಹೇಗೆ ಬಾಗಿದೆಯೋ ಬಾಕ್ಸೂ ಹಾಗೇ ಬಾಗಿತ್ತು. ಸ್ಟೆಪ್ನಿಗೂ ಜಾಗ, ಬೀಗರ ಗಂಟುಮೂಟೆಗೂ ಜಾಗ. ಬಾಕ್ಸಿನ ಬಾಯಿಗೆ ಹಿಟ್ಟು ನಾದುವ ಪರಾತದಷ್ಟು ದೊಡ್ಡ ಸ್ಪೀಕರು. ಟೇಪು ಹಚ್ಚಿದರೆ ಹಾಡು ಕಿವಿಗೆ ಬರುವ ಮೊದಲು ಎದೆಗೆ ಬರುತ್ತಿತ್ತು. ಓಣಿಯ ಹುಡುಗರು ಓಡಿ ಬಂದು ಡಿಕ್ಕಿಯ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದರು.

ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಿಂದ ಲಗ್ನದವರು ಬಂದರು. ಜಗದೇವಪ್ಪ ಎದ್ದು ನಿಂತು, ಹೆಗಲ ಮೇಲಿನ ಟವೆಲ್ಲಿನಿಂದ ಬಾನೆಟ್ಟು ಒರೆಸಿದ.

"ಎದಿ ಗುದ್ದೋ ಗಾಡಿ ಯಾವ್ದ್ರಿ?" ಎಂದರು ಅವರು.

"ಅಕಾ, ಅದು," ಎಂದು ಜಗದೇವಪ್ಪ ತಾನೇ ಬೆರಳು ಮಾಡಿ ತೋರಿಸಬೇಕಾಯಿತು. ಆ ಬೆರಳು ಸಂಜೆಯವರೆಗೂ ಅವನಿಗೆ ಚುಚ್ಚುತ್ತಿತ್ತು.

ಜಹೀರುದ್ದೀನ ಮನೆಗೆ ಬಂದು ಟೇಪು ಹಚ್ಚಿದರೆ ಎದುರಿಗೆ ಜಗದೇವಪ್ಪನ ಹೆಂಡತಿ ಶಿವಕಾಂತಾಳ ಅಡುಗೆಮನೆಯ ತಾಟುಗಳು ಕಿಣಿಕಿಣಿ ಅನ್ನುತ್ತಿದ್ದವು. ಜಗದೇವಪ್ಪ ಉಣ್ಣುವುದು ಬಿಟ್ಟು ಎದ್ದು, ತಾಟುಗಳ ನಡುವೆ ಅರಿವೆ ತುರುಕಿ ಬರುತ್ತಿದ್ದ.

"ಅಂವನ ಗಾಡ್ಯಾಗ ಏನದ? ಒಂದು ಡಬ್ಬಿ ಅದ," ಎಂದ ಒಂದು ದಿನ.

"ಬರೀ ಡಬ್ಬಿ ಇದ್ರ ರೊಟ್ಟಿ ಯಾಕ ತಣ್ಣಗ ಮಾಡಾಕತ್ತೀರಿ? ಉಣ್ರಿ," ಎಂದಳು ಶಿವಕಾಂತಾ.

"ನನಗ ಹಸಿವಿಲ್ಲ."

"ಹಸಿವಿ ಅದ. ಹೊಟ್ಟ್ಯಾಗ ಜಾಗಾ ಇಲ್ಲ. ಅಲ್ಲಿ ಜಹೀರಣ್ಣನ ಸ್ಪೀಕರ್ ಕುಂತದ."

ತಾಯಿ ಶಾರದಾಬಾಯಿ ಮೂಲೆಯಲ್ಲಿ ತೊಗರಿ ಆರಿಸುತ್ತ ನಕ್ಕರು. ಜಗದೇವಪ್ಪ ನಗಲಿಲ್ಲ.

ಮರುದಿನ ಅವನು ಚಹಾದಂಗಡಿಯಲ್ಲಿ, ಏನೂ ಬೇಕಿಲ್ಲದವನಂತೆ ಕೇಳಿದ. "ಅಲ್ಲಲೇ ಜಹೀರ, ಆ ಬಾಕ್ಸ್ ಹ್ಯಾಂಗ ಮಾಡ್ತಾರ? ಸುಮ್ನ ಕೇಳ್ದೆ."

ಜಹೀರುದ್ದೀನ ಒಂದು ಮಾತೂ ಮುಚ್ಚಿಡಲಿಲ್ಲ. "ಮೊದಲ ಡಿಕ್ಕಿ ಮೂಲಿಗಿ ಕಾಗದದ ಟೇಪ್ ಹಚ್ಚಬೇಕು. ಇಲ್ಲಂದ್ರ ಬಾಕ್ಸ್ ಗಾಡಿಗೇ ಅಂಟ್ಕೋತದ. ಟೇಪಿನ ಮ್ಯಾಲೆ ಗಾಜಿನ ನೂಲಿನ ಚಾಪಿ ಇಡೋದು. ಅದಕ್ಕ ಬ್ರಶ್‌ಲೆ ರೆಜಿನ್ ಕುಡಿಸೋದು. ರೆಜಿನ್ ಅಂದ್ರ ಬೆಲ್ಲದ ಪಾಕಿನಂಗ ಇರ್ತದ ನೋಡು. ಗಟ್ಟಿಯಾದ ಮ್ಯಾಲೆ ಡಿಕ್ಕಿದಾಗಿಂದು ಬಿಡಿಸಿ ತಗದು, ಮುಂದ ಸ್ಪೀಕರಿಗಿ ದುಂಡನ ಕಟ್ಟಿಗಿ ಬಳಿ ಕೂಡಿಸಿ, ಮ್ಯಾಲೆ ಬನಿಯನ್ ಅರಿವಿ ಎಳದು ಕಟ್ಟಿ, ಅದಕ್ಕೂ ರೆಜಿನ್ ಕುಡಿಸಬೇಕು."

"ಇಷ್ಟೇನಾ?"

"ಇಷ್ಟೇ ಅಲ್ಲ, ಅಸಲ್ ಮಾತು ಕೇಳು. ರೆಜಿನ್ ಗಟ್ಟಿಯಾಗಾಕ ಎರಡು ಬಾಟ್ಲಿ ಬರ್ತಾವ. ಒಂದು ನೇರಳಿ ಬಣ್ಣದ್ದು, ಒಂದು ನೀರಿನಂಗ ಬೆಳ್ಳಗಿಂದು. ಮೊದಲ ನೇರಳಿ ರೆಜಿನ್‌ದಾಗ ಹಾಕಿ ಚಲೋ ಕಲಸು. ಪೂರಾ ಕೂಡಿದ ಮ್ಯಾಲೇ ಬಿಳಿದು. ಆ ಎರಡು ಬಾಟ್ಲಿ ಒಂದಕ್ಕೊಂದು ಸೀದಾ ಕೂಡಿಸಬ್ಯಾಡ. ಬೆಂಕಿ ಆಗ್ತದ, ಸಿಡೀತದ. ಬಿಳಿದಂತೂ ಕಣ್ಣಾಗ ಬಿದ್ರ ಕಣ್ಣು ಹೋತು. ಚಷ್ಮಾ ಹಾಕ್ಕೋ, ಕೈಗಿ ರಬ್ಬರ್ ಮೋಜಾ ಹಾಕ್ಕೋ. ಬಯಲಾಗ ಮಾಡು, ಗಾಳಿ ಆಡಬೇಕು. ನಾ ಬರ್ತೇನಿ ತಗೋ, ಕೂಡಿ ಮಾಡೋಣು."

ಬೇರೆ ಯಾರಾದರೂ ಆಗಿದ್ದರೆ ಸಂತೋಷಪಡುತ್ತಿದ್ದರು. ಜಗದೇವಪ್ಪನಿಗೆ ಮಾತ್ರ 'ನಾ ಬರ್ತೇನಿ' ಎಂಬ ಮಾತೇ ಮೈಮೇಲೆ ಬಿಸಿನೀರು ಸುರಿದಂತಾಯಿತು. ಮನೆಗೆ ಬಂದು ಹೆಂಡತಿಯ ಮುಂದೆ ಲೆಕ್ಕ ಹಾಕಿದ.

"ತನ್ನ ಧಂಧಾ ತಾನೇ ಯಾವನರೆ ಕೆಡಿಸ್ಕೋತಾನೇನು? ಬಯಲಾಗ ಮಾಡು ಅಂದ. ಯಾಕ? ತಾನು ಬಂದು ನೋಡಿ ನಗಬೇಕು. ಚಷ್ಮಾ ಹಾಕ್ಕೋ ಅಂದ. ನಾ ಏನು ಮೊನ್ನಿ ಹುಟ್ಟೇನಿ? ಎರಡು ಬಾಟ್ಲಿ ಕೂಡಿಸಬ್ಯಾಡ ಅಂದ. ಅಂದ್ರ ತಿಳಕೋ, ಕೂಡಿಸೋದ್ರಾಗೇ ಗುಟ್ಟದ."

"ಒಲಿಗಿ ಕೈ ಹಚ್ಚಬ್ಯಾಡ ಅಂದ್ರ ಅದ್ರಾಗೂ ಗುಟ್ಟದೇನ್ರಿ?"

"ನಿನಗ ಗೊತ್ತಾಗಲ್ಲ, ಸುಮ್ಕಿರು."

ಗುಲಬರ್ಗಾಕ್ಕೆ ಹೋಗಿ, ಕೂಲರಿನ ಫೈಬರ್ ರಿಪೇರಿ ಮಾಡುವವರ ಹತ್ತಿರ ಎಲ್ಲ ಸಾಮಾನು ತಂದ. ಬಾಟಲಿ ಕೊಡುವವನೂ "ನೋಡ್ರಿ, ಇವೆರಡನ್ನ..." ಎಂದು ಶುರು ಮಾಡಿದ್ದ. ಇವನು "ಗೊತ್ತದ, ಗೊತ್ತದ" ಎಂದು ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟ.

ಮನೆಯ ಪಕ್ಕದಲ್ಲೇ ಅವನ ಗಾಡಿ ನಿಲ್ಲುವ ತಗಡಿನ ಶೆಡ್ಡು. ಊಟ ಮುಗಿಸಿ ಓಣಿಗೆ ಓಣಿಯೇ ಮಲಗುವ ಬಿಸಿಲಿನ ಹೊತ್ತು. ಜಗದೇವಪ್ಪ ಶೆಡ್ಡಿನ ಬಾಗಿಲು ಹಾಕಿ ಒಳಗಿನಿಂದ ಚಿಲಕ ಬಡಿದ. ಕಿಟಕಿಗೆ ಗೋಣಿಚೀಲ ತುರುಕಿದ. ತಗಡಿನ ಸಂದಿಗೂ ಚಿಂದಿ ಸಿಕ್ಕಿಸಿದ. ಕಣ್ಣು ಬೀಳಬಾರದು, ವಾಸನೆಯೂ ಎದುರು ಮನೆಗೆ ಹೋಗಬಾರದು ಎಂದು. ಕಾದ ಹಂಚಿನಂಥ ಶೆಡ್ಡು, ಒಳಗೆ ಮುಚ್ಚಳ ತೆಗೆದಿಟ್ಟ ರೆಜಿನ್ನಿನ ಘಾಟು. ತಲೆ ಸುತ್ತುತ್ತಿತ್ತು. 'ಇಂದು ನೀನು, ನಾಳೆ ನಾನು' ಎಂದು ಜಹೀರುದ್ದೀನನನ್ನು ನೆನೆಯುತ್ತ ಅವನು ಡಿಕ್ಕಿಗೆ ಕಾಗದದ ಟೇಪು ಹಚ್ಚಿ ಮುಗಿಸಿದ, ಚಾಪೆ ಕತ್ತರಿಸಿಟ್ಟ. ಆಮೇಲೆ ಒಂದು ತಗಡಿನ ಡಬ್ಬಿಗೆ ನೇರಳೆ ನೀರು ಸುರಿದ. ಅದರ ಮೇಲೆ ಬಿಳಿಯದನ್ನು ಸುರಿದ. ಹೇಗೆ ಕೂಡುತ್ತದೆ ನೋಡೋಣ ಎಂದು ಮುಖ ಬಗ್ಗಿಸಿದ.

ಡಬ್ಬಿ ಬುಸ್ಸೆಂದಿತು. ಹೊಗೆ ಎದ್ದಿತು, ಬೆಂಕಿ ಎದ್ದಿತು, ಹನಿಗಳು ಸಿಡಿದವು. ಒಂದು ಹನಿ ಅವನ ಬಲಗಣ್ಣಿಗೆ ಬಿತ್ತು.

ಕೂಗು ಕೇಳಿ ಶಿವಕಾಂತಾ ಓಡಿ ಬಂದಳು. ಬಾಗಿಲು ಒಳಗಿನಿಂದ ಹಾಕಿದೆ. "ಚಿಲಕ ತಗೀರಿ, ಚಿಲಕ ತಗೀರಿ" ಎಂದು ಬಡಿದಳು. ಒಳಗೆ ಅವನು ಎರಡೂ ಕಣ್ಣು ಮುಚ್ಚಿಕೊಂಡು, ತನ್ನ ಶೆಡ್ಡಿನಲ್ಲಿ ತಾನೇ ಕುರುಡನಂತೆ ಗೋಡೆ ತಡವುತ್ತಿದ್ದ. ಚಿಲಕ ಸಿಗಲಿಲ್ಲ. ಕೆಮ್ಮು ಮಾತ್ರ ಕೇಳುತ್ತಿತ್ತು.

ಎದುರು ಮನೆಯಿಂದ ಜಹೀರುದ್ದೀನ ಬರಿಮೈಯಲ್ಲಿ ಓಡಿ ಬಂದ. ಜಾಕಿಯ ಸಲಾಕೆಯಿಂದ ಬಾಗಿಲಿನ ತಗಡು ಎಬ್ಬಿಸಿ, ಒಳಗೆ ಕೈ ಹಾಕಿ ಚಿಲಕ ತೆಗೆದು, ಜಗದೇವಪ್ಪನ ತೋಳು ಹಿಡಿದು ಹೊರಗೆ ಎಳೆದ. ಓಣಿಯಲ್ಲಿ ಬಿದ್ದಿದ್ದ ಉಸುಕನ್ನು ಬುಟ್ಟಿಯಲ್ಲಿ ತುಂಬಿ ಹೊರಗಿನಿಂದಲೇ ಡಬ್ಬಿಯ ಮೇಲೆ ಚೆಲ್ಲಿದ.

"ಎರಡೂ ಕೂಡಿಸ್ದಿ ಏನು?"

ಜಗದೇವಪ್ಪ ಕಣ್ಣು ಒತ್ತಿ ಹಿಡಿದುಕೊಂಡು ತಲೆ ಆಡಿಸಿದ.

"ತಿಕ್ಕಬ್ಯಾಡ. ಕೈ ತಗಿ. ನೀರು ತಾ ತಂಗಿ, ಇದ್ದಷ್ಟು ನೀರು ತಾ."

ಅಷ್ಟರಲ್ಲಿ ಶಾರದಾಬಾಯಿ ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ, ಬಟ್ಟಲು ಹಿಡಿದು ಬಂದರು. ಆಳಂದದ ಕಡೆ ಕಣ್ಣಿಗೆ ಏನೇ ಬೀಳಲಿ, ಕಸವೋ ಕಾರದ ಪುಡಿಯೋ, ಔಡಲೆಣ್ಣೆ ಬಿಡುವುದು ರೂಢಿ. ಅದಿಲ್ಲದಿದ್ದರೆ ಬಾಣಂತಿಯ ಹಾಲು. "ಮಗ್ಗಲ ಮನಿ ಕುಲಸುಮಬಿ ಹಡದಾಳ, ಆಕಿ ಹಾಲು ಒಂದೆರಡು ಹನಿ ತರ್ರಿ. ಮೊದಲ ಎಣ್ಣಿ ಬಿಡ್ತೇನಿ, ತಂಪಾಗ್ತದ," ಎಂದರು.

"ಬ್ಯಾಡ ಮಾಯಿ. ಎಣ್ಣಿ ಬ್ಯಾಡ, ಹಾಲು ಬ್ಯಾಡ. ಅದು ಒಳಗ ಸುಡಾಕತ್ತದ. ತೊಳದು ಹೊರಗ ಹಾಕಬೇಕು. ನೀರು ಬಿಟ್ರ ಬ್ಯಾರೆ ಏನೂ ಇಲ್ಲ."

"ನಾ ಎಷ್ಟು ಕಣ್ಣು ನೋಡೇನಿ, ನಿನಗೇನು ಗೊತ್ತು?" ಎಂದರು ಶಾರದಾಬಾಯಿ.

ಆಗ ಜಗದೇವಪ್ಪ ಏನಂದ ಗೊತ್ತೇ? ಕಣ್ಣು ಬೆಂಕಿಯಾಗಿದೆ, ಉಸಿರು ಹತ್ತುತ್ತಿಲ್ಲ, ಆದರೂ, "ನಮ್ಮವ್ವ ಹೇಳಿದಂಗ ಮಾಡ್ರಿ. ಅಂವನ ಮಾತು ಕೇಳಬ್ಯಾಡ್ರಿ" ಎಂದ.

ಶಿವಕಾಂತಾ ಒಂದು ಕ್ಷಣ ಎಣ್ಣೆಯ ಬಟ್ಟಲು ನೋಡಿದಳು, ಒಂದು ಕ್ಷಣ ಜಹೀರುದ್ದೀನನನ್ನು ನೋಡಿದಳು. ಜಹೀರಣ್ಣ ಬ್ಯಾಡ ಅಂದದ್ದನ್ನು ಮಾಡಿದ್ದಕ್ಕೇ ಹೀಗಾಯಿತು. ಇನ್ನೊಮ್ಮೆ ಅವನು ಬ್ಯಾಡ ಅಂದದ್ದನ್ನು ಮಾಡಿದರೆ ಏನು ಉಳಿದೀತು?

"ಹೊಟ್ಟಿಕಿಚ್ಚು ಆಮ್ಯಾಲೆ ಪಡ್ರಂತ. ಈಗ ಮಕಾ ಮ್ಯಾಲೆ ಮಾಡ್ರಿ," ಎಂದು ಗಂಡನನ್ನು ಕಟ್ಟೆಯ ಮೇಲೆ ಅಂಗಾತ ಮಲಗಿಸಿದಳು. "ಅತ್ತಿ, ಆ ಬಟ್ಟಲ ಒಳಗಿಟ್ಟು ತಲಿ ಹಿಡೀರಿ. ಜರಾ ಬಲಕ್ಕ ಹೊಳ್ಳಸ್ರಿ, ಆ ನೀರು ಚಲೋ ಕಣ್ಣಿಗಿ ಹರೀಬಾರ್ದು."

ನಳದಲ್ಲಿ ನೀರು ಬಂದು ಎಷ್ಟೋ ದಿನವಾಗಿತ್ತು. ಬೇಸಿಗೆಯಲ್ಲಿ ಆಳಂದದಲ್ಲಿ ನೀರೆಂದರೆ ನಿಮಗೆ ಗೊತ್ತು. ಕೈ ತೊಳೆದ ನೀರನ್ನೂ ಗಿಡಕ್ಕೆ ಹಾಕುವ ಹೆಂಗಸು ಆಕೆ. ಅಂಥವಳು ಕುಡಿಯುವ ಕೊಡವನ್ನೇ ಎತ್ತಿ ತಂದಳು. ಜಹೀರುದ್ದೀನ ರೆಪ್ಪೆ ಬಿಡಿಸಿ ಹಿಡಿದ. ಆಕೆ ತಂಬಿಗೆಯಿಂದ ಸಣ್ಣಗೆ, ನಿಲ್ಲಿಸದೆ ಸುರಿದಳು. ಕೊಡ ಮುಗಿಯಿತು. ಎದುರು ಮನೆಯಿಂದ ಜಹೀರುದ್ದೀನನ ಹೆಂಡತಿ ಖುರ್ಷಿದ ತನ್ನ ಮನೆಯ ಕೊಡ ತಂದಳು.

"ಸಾಕು, ಆರಿತು," ಎಂದ ಜಗದೇವಪ್ಪ.

"ಸಾಕಿಲ್ಲ. ಕಾಲು ತಾಸರೆ ಸುರೀಬೇಕು. ಆಮ್ಯಾಲೂ ದವಾಖಾನಿ ಮುಟ್ಟೋ ತನಾ ತಂಬಿಗಿ ಬಿಡಬ್ಯಾಡ ತಂಗಿ."

ಜಹೀರುದ್ದೀನನ ಗಾಡಿಯಲ್ಲೇ ದವಾಖಾನೆಗೆ ಹೋದರು. ಶಿವಕಾಂತಾ ಬಿಳಿ ಬಾಟಲಿಯ ಬಾಯಿ ಬಿಗಿಯಾಗಿ ಮುಚ್ಚಿ ಸಂಗಡ ಒಯ್ದಿದ್ದಳು. ಅಲ್ಲಿಯವರು ಬಾಟಲಿ ನೋಡಿ, ಇನ್ನೊಮ್ಮೆ ತೊಳೆದು, ಔಷಧಿ ಹಾಕಿ, ಅಂದೇ ಗುಲಬರ್ಗಾಕ್ಕೆ ಕಳಿಸಿದರು. ಗುಲಬರ್ಗಾದ ಕಣ್ಣಿನ ಡಾಕ್ಟರಮ್ಮ ದೀಪ ಹಿಡಿದು ಬಹಳ ಹೊತ್ತು ನೋಡಿದರು.

"ಮೊದಲು ಏನು ಹಾಕಿದ್ರಿ?"

"ನೀರ್ರಿ. ಬರೀ ನೀರು," ಎಂದಳು ಶಿವಕಾಂತಾ.

"ಕಣ್ಣಿನ ಮೇಲಿನ ಪದರ ಸುಟ್ಟಿದೆ. ಆದರೆ ವಾಸಿ ಆಗ್ತದೆ. ಆ ಕೂಡಲೇ ತೊಳೆಯದೆ ಹೋಗಿದ್ದರೆ ನಾನು ಮಾಡುವುದು ಏನೂ ಉಳಿದಿರಲಿಲ್ಲ. ಇವರ ಉದ್ಯೋಗ ಏನು?"

"ಡ್ರೈವರ್ ಅದಾರ್ರಿ," ಎಂದಳು ಶಿವಕಾಂತಾ. ಒಂದು ಕಣ್ಣು ಹೋದ ಡ್ರೈವರನ ಗಾಡಿಗೆ ಯಾರು ಹತ್ತುತ್ತಾರೆ?

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಜಗದೇವಪ್ಪ ಮನೆಯಲ್ಲಿ ಕೂತ. ಹೊರಗೆ ಜಹೀರುದ್ದೀನ ಜಿಡಗಾದ ಕಡೆಯ ಲಗ್ನದ ಬಾಡಿಗೆಗೆ ಹೊರಟರೆ ಧಂ ಧಂ ಎಂದು ಓಣಿ ನಡುಗುತ್ತಿತ್ತು. ಅಸೂಯೆ ಹೋಗಿತ್ತೇ ಎಂದು ಕೇಳಬೇಡಿ. ಹೋಗಿರಲಿಲ್ಲ. ಹೋಗಲಾರದ್ದಕ್ಕೆ ಅವನಿಗೆ ಇನ್ನಷ್ಟು ನಾಚಿಕೆಯಾಗುತ್ತಿತ್ತು. ಒಂದು ಸಂಜೆ ಜಹೀರುದ್ದೀನ ಚಹಾ ಕುಡಿಯಲು ಬಂದಾಗ, ಅವನ ಮುಖ ನೋಡದೆ ಕೇಳಿದ.

"ಆ ನೇರಳಿ ಬಾಟ್ಲಿ ಮೊದಲಾ, ಬಿಳಿದು ಮೊದಲಾ? ಇನ್ನೊಮ್ಮಿ ಹೇಳು."

"ಯಾಕ, ನಾ ಸುಳ್ಳು ಹೇಳ್ತೇನಿ ಅಂದಿದ್ದೆಂತ?"

"ಅಂದಿದ್ದೆ. ಈಗ ಹೇಳು."

ಪಟ್ಟಿ ಬಿಚ್ಚಿದ ಮೇಲೆ ಕೆಲಸ ಮತ್ತೆ ಶುರುವಾಯಿತು, ಈ ಸಲ ಓಣಿಯ ಬಯಲಿನಲ್ಲಿ, ಎಲ್ಲರ ಕಣ್ಣೆದುರಿಗೆ. ಇಬ್ಬರೂ ಸುತ್ತಲೂ ಮುಚ್ಚುವ ಚಷ್ಮಾ ಹಾಕಿದ್ದರು, ಕೈಗೆ ರಬ್ಬರ್ ಮೋಜಾ. ಬಿಳಿ ಬಾಟಲಿಯನ್ನು ದೂರ, ನೆರಳಿನಲ್ಲಿ ಇಟ್ಟು, ನೇರಳೆಯದು ರೆಜಿನ್ನಿನಲ್ಲಿ ಪೂರ್ತಿ ಬೆರೆಯಿತು ಎಂದು ಶಿವಕಾಂತಾ ಹೇಳಿದ ಮೇಲೇ ತಂದರು. ಬೀಡಿ ಹಚ್ಚಲು ಬಂದ ನೆರೆಮನೆಯ ಚಂದಪ್ಪನನ್ನು ಶಾರದಾಬಾಯಿ ಓಣಿಯ ಆಚೆ ತುದಿಗೆ ಅಟ್ಟಿದರು. ಬಾಕ್ಸು ತಿಕ್ಕಿ ನುಣುಪು ಮಾಡುವಾಗ ಗಾಜಿನ ಧೂಳು ಏಳದಂತೆ ನೀರು ಹಚ್ಚಿ ತಿಕ್ಕಿದರು, ಮೂಗಿಗೆ ಮಾಸ್ಕು ಕಟ್ಟಿದರು, ಆ ಅಂಗಿಗಳನ್ನು ಮನೆಯ ಬಟ್ಟೆಯ ಜೊತೆ ಒಗೆಯಲಿಲ್ಲ.

ಸ್ಪೀಕರು ಕೂಡಿಸಿ ಹಾಡು ಹಚ್ಚಿದ ದಿನ ಜಗದೇವಪ್ಪ ಹೆಂಡತಿಯನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. "ಖರೇ ಹೇಳು. ಯಾರ ಗಾಡಿ ಜಾಸ್ತಿ ಬಡೀತದ?"

"ನನ್ನ ತಲಿ," ಎಂದಳು ಶಿವಕಾಂತಾ. "ನೀವಿಬ್ರೂ ಕೂಡಿ ಬಡಿಯಾಕತ್ತೀರಿ."

ಗಾಡಿ ಓಡಿಸುವ ಅಣ್ಣಂದಿರೇ, ಗ್ಯಾರೇಜಿನಲ್ಲಿ, ಕೂಲರ್ ಅಂಗಡಿಯಲ್ಲಿ ಫೈಬರ್ ಕೆಲಸ ಮಾಡುವ ತಮ್ಮಂದಿರೇ, ಅವರ ಮನೆಯ ಅಕ್ಕತಂಗಿಯರೇ, ಈ ಮಾತು ನಿಮಗೆ. ಬಾಕ್ಸು ಮಾಡಿ, ಬೇಡ ಎನ್ನುವುದಿಲ್ಲ. ಆದರೆ ಬಾಗಿಲು ಹಾಕಿಕೊಂಡು ಮಾಡಬೇಡಿ. ಘಾಟು ನಿಮ್ಮ ಎದೆಯೊಳಗೆ ಹೋಗುತ್ತದೆ, ಮೂಗಿಗೆ ಕಟ್ಟಿದ ಟವೆಲ್ಲು ಅದನ್ನು ತಡೆಯುವುದಿಲ್ಲ, ಗಾಳಿಯೇ ಅದಕ್ಕೆ ಮದ್ದು. ಎರಡು ಬಾಟಲಿಗಳನ್ನು ಒಂದಕ್ಕೊಂದು ಎಂದೂ ಕೂಡಿಸಬೇಡಿ, ಒಂದರ ಪಕ್ಕ ಒಂದು ಇಡಲೂಬೇಡಿ. ಮಕ್ಕಳ ಕೈಗೆ ಸಿಗುವಲ್ಲಿ, ಒಲೆಯ ಹತ್ತಿರ, ಕುಡಿಯುವ ನೀರಿನ ಬಾಟಲಿಯಲ್ಲಿ ಅವನ್ನು ಇಡಬೇಡಿ. ಕೆಲಸ ಶುರು ಮಾಡುವ ಮೊದಲು ಒಂದು ಕೊಡ ಶುದ್ಧ ನೀರು ಕೈಗೆಟಕುವಲ್ಲಿ ಇರಲಿ. ಕಣ್ಣಿಗೆ ಸಿಡಿದರೆ ಎಣ್ಣೆ ಬೇಡ, ಹಾಲು ಬೇಡ, ತಿಕ್ಕುವುದು ಬೇಡ. ರೆಪ್ಪೆ ಬಿಡಿಸಿ ನೀರು ಸುರಿಯುತ್ತಲೇ ಇರಿ, ಬಾಟಲಿ ಸಂಗಡ ಹಿಡಿದು ದವಾಖಾನೆಗೆ ಓಡಿ.

ಇನ್ನು ಹೊಟ್ಟೆಕಿಚ್ಚು. ಅದಕ್ಕೆ ನಮ್ಮ ಹತ್ತಿರ ಔಷಧಿ ಇಲ್ಲ. ಪಡುವುದೇ ಇದ್ದರೆ ಪಡಿ, ಆದರೆ ಬಯಲಿಗೆ ಬಂದು, ಚಷ್ಮಾ ಹಾಕಿಕೊಂಡು ಪಡಿ.